ಒತ್ತು, ಹಿಡಿ

ಗಾಡಿ ಇಬ್ಬರದು.
ಆರ್‌ಸಿ ಚಮನ್‌ಸಾಬನ ಹೆಸರಿಗೆ,
ಇನ್ಶೂರೆನ್ಸಿನ ಕಾಗದ ನನ್ನ ಟ್ರಂಕಿನಲ್ಲಿ.
ಬೆಸ ತಾರೀಖು ಅವನಿಗೆ, ಸಮ ನನಗೆ.
ಅಕ್ಕಿ ಗಿರಣಿಯ ಬುಷ್ಷಿನ ಬಿಲ್ಲು ಪಾಸಾದ ದಿನ
ಅರ್ಧರ್ಧ ಹಾಕಿ ತಂದ ಸಿಬಿಝಡ್ಡು.
ಇಪ್ಪತ್ತಮೂರು ವರ್ಷ
ಓಡುವುದಕ್ಕೆ ಬೇಕಾದ್ದೆಲ್ಲ ಕೊಟ್ಟೆವು ಅದಕ್ಕೆ:
ಎರಡು ಸಲ ಬೋರು, ಮೂರು ಚೈನು.
ನಿಲ್ಲುವುದಕ್ಕೆ
ಯಾರೂ ಜೇಬಿಗೆ ಕೈ ಹಾಕಲಿಲ್ಲ.

ಬಾತಿ ಕೆರೆ ದಾಟಿ ಹರಿಹರದ ಕಡೆ
ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿದ್ದರು.
ಅವನು ಮುಂದೆ, ನಾನು ಹಿಂದೆ,
ನಡುವೆ ಗೋಣಿಯಲ್ಲಿ ಒಂದು ಗೇರು ಚಕ್ರ.
ಬ್ರೇಕು ಹಿಡಿದ. ಹಿಡಿದೇ ಇದ್ದ.
ಗಾಡಿ ಹೋಗುತ್ತಲೇ ಇತ್ತು.
ರಾತ್ರಿ ಊಟಕ್ಕೆ ಕೂತಾಗಲೂ
ಅಂಗಿಯ ತೋಳಿನಿಂದ ಕಾಳು ಉದುರಿತು.

ಪ್ಯಾಡು ಹಾಕ್ಸು ಅಂದಿದ್ನಲ್ಲೋ, ಅಂದ ಅವನು.
ಮುನ್ನೂರಿಪ್ಪತ್ತು ನಿನ್ನ ಕೈಗೇ ಕೊಟ್ಟಿದ್ನಲ್ಲ, ಅಂದೆ ನಾನು.
ಆಮೇಲೆ ನಲವತ್ತು ದಿನ
ಒಂದು ಶೆಡ್ಡು, ಎರಡು ಲೇತು, ಒಂದೇ ಫ್ಯಾನು,
ಮಾತಿಲ್ಲ.
ಡ್ರಾಯಿಂಗುಗಳು ಟೀ ಹುಡುಗನ ಕೈಯಲ್ಲಿ ದಾಟುತ್ತಿದ್ದವು.
ಎದುರಿನ ಮಂಡಕ್ಕಿ ಬಟ್ಟಿಯ ಹೊಗೆ ಮಾತ್ರ
ಇಬ್ಬರ ಕಣ್ಣಿಗೂ ಸಮಪಾಲು.

ಒಂದು ಬೆಳಿಗ್ಗೆ ನನ್ನ ಲೇತಿನ ಮೇಲೆ ಒಂದು ಗಂಟು.
ಗುಜರಿಯ ಡಿಸ್ಕು, ಇನ್ನೂರರವತ್ತು ಮಿಲಿಮೀಟರಿನದು,
ಯಾವುದೋ ಬಿದ್ದ ಪಲ್ಸರಿನದು. ಜೊತೆಗೊಂದು ಕ್ಯಾಲಿಪರು,
ತುಕ್ಕು ತಿಂದು ದವಡೆ ಕಚ್ಚಿಕೊಂಡದ್ದು.
ಚೀಟಿ ಇಲ್ಲ, ಏನಿಲ್ಲ.

ಹಳೇ ಡಿಸ್ಕು ಬಿಚ್ಚಿದೆ. ಅಂಚಿಗೆ ಉಗುರು ಸಿಕ್ಕುವಷ್ಟು ಏಣು.
ಮೈಕ್ರೋಮೀಟರು ಇಟ್ಟೆ: ಮೂರು ಪಾಯಿಂಟು ಒಂದು.
ನಾಲ್ಕಿದ್ದದ್ದು. ಉಳಿದದ್ದೆಲ್ಲ
ಅಶೋಕ ರಸ್ತೆಯ ಗೇಟು ಬಿದ್ದಾಗ,
ಅವನ ಮಗಳಿಗೆ ಜ್ವರ ಬಂದ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ,
ನಾವು ನಿಂತ ಜಾಗದಲ್ಲೆಲ್ಲ
ಪುಡಿಯಾಗಿ ಬಿದ್ದಿರಬೇಕು.

ಗಾಳಿ ಊದಿದೆ. ಪಿಸ್ಟನ್ನು ಬಟ್ಟೆಯೊಳಗೆ ಠಪ್ ಅಂತ ಹಾರಿತು.
ಸೀಲು ಹೊಸದು. ಡಿಸ್ಕು ದೊಡ್ಡದಾದ್ದರಿಂದ
ಕ್ಯಾಲಿಪರು ಹೊರಗೆ ಸರಿಯಬೇಕು,
ಎಂಟು ಎಂಎಂ ಪ್ಲೇಟು ಕೊಯ್ದು ತೂತು ಕೊರೆದಿಟ್ಟೆ.
ಉಂಡು ಬಂದು ನೋಡಿದರೆ ಅದರ ಚೂಪು ಮೂಲೆಗಳಿಗೆ
ಯಾರೋ ಅರ ಹಾಕಿ ದುಂಡಗೆ ಮಾಡಿದ್ದರು.
ನಾವಿಬ್ಬರೇ ಇರುವ ಶೆಡ್ಡು.

ಎಲ್ಲ ಕೂತಿತು. ಲಿವರ್ ಒತ್ತಿದರೆ ಮಾತ್ರ
ಕಳಿತ ಬಾಳೆಹಣ್ಣು.
ಪೈಪಿನೊಳಗೆ ಗಾಳಿ. ತೆಗೆಯಲು
ಒಂದು ಕೈ ಮೇಲೆ ಬೇಕು, ಒಂದು ಕೈ ಕೆಳಗೆ.
ಟ್ಯೂಬಿನ ಚೂರು ಕಟ್ಟಿ ಒಬ್ಬನೇ ನೋಡಿದೆ,
ಅದು ಒಬ್ಬನ ಕೆಲಸವಲ್ಲ.

ಅವನು ಬಂದು ಹ್ಯಾಂಡಲಿನ ಹತ್ತಿರ ನಿಂತ.
ನಾನು ಕೆಳಗೆ, ಎಂಟರ ಪಾನಾ, ನೀರಿನ ಬಾಟ್ಲಿ.
ಒತ್ತು, ಅಂದೆ.
ಹಿಡಿ.
ಹಿಡದೀನಿ.
ಬಿಡು.
ಸಣ್ಣ ಪೈಪಿನಲ್ಲಿ ಗುಳ್ಳೆ, ಅದರ ಹಿಂದೊಂದು ಗುಳ್ಳೆ.
ಒತ್ತು. ಹಿಡಿ.
ಹಿಡದೀನಿ.
ಬಿಡು.
ಇನ್ನೂ ಬರ್ತಾವೇನೋ ಹಾಲೇಶಿ?
ಬರಾಕ ಹತ್ಯಾವು. ನಲವತ್ತು ದಿನದ್ದು.
ಮೇಲೆ ಏನೋ ಸದ್ದಾಯಿತು,
ನಕ್ಕನೋ ಕೆಮ್ಮಿದನೋ, ಬಟ್ಟಿಯ ಹೊಗೆ ಇತ್ತು.

ಹೊಸ ಪ್ಯಾಡಿಗೆ ಡಿಸ್ಕಿನ ಪರಿಚಯವಿಲ್ಲ.
ಅರವತ್ತರಿಂದ ಹತ್ತಕ್ಕೆ, ಪೂರ್ತಿ ನಿಲ್ಲಿಸದೆ,
ಹದಿನೈದು ಸಲ.
ಸಂಜೆ ಬಾತಿ ರಸ್ತೆಯಲ್ಲಿ ನಾನು ಹಿಡಿದು ಬಿಡುತ್ತಿದ್ದೆ,
ಅವನು ಹಿಂದೆ ಕೂತು ಎಣಿಸುತ್ತಿದ್ದ,
ಸಾತ್, ಆಠ್, ನೌ, ಮತ್ತೆ ನೌ.
ಕಾಲಲ್ಲಿ ಜೋಳ ಕೆದರುತ್ತಿದ್ದ ಅಜ್ಜಿ ಕೇಳಿದಳು:
ಗಾಡಿ ಕೆಟ್ಟೈತೇನ್ರೋ?
ಇಲ್ಲಬೇ, ಅಂದ ಚಮನ್‌ಸಾಬ, ಈಗ ಸರಿಯಾತು.
ಅವಳು ನಂಬಲಿಲ್ಲ. ರಾಶಿಗೆ ಅಡ್ಡ ನಿಂತಳು.

ಶೆಡ್ಡಿಗೆ ಬಂದು ಲೈಟು ಹಾಕಿದರೆ
ಟ್ಯಾಂಕಿನ ಮೇಲೆ ರೂಪಾಯಿಯಗಲ ಬಣ್ಣ ಸುಕ್ಕೆದ್ದಿದೆ.
ಬ್ರೇಕಿನ ಎಣ್ಣೆಯೇ ಹಾಗೆ,
ಒರೆಸುವಷ್ಟರಲ್ಲಿ ತಿಂದಿರುತ್ತದೆ.
ಡಬ್ಬಿ ಸುರಿದವನು ಅವನು.
ಬಟ್ಟೆ ಹೊದಿಸಬೇಕಾದವನು ನಾನು.
ಹೆಬ್ಬೆರಳಲ್ಲಿ ತಿಕ್ಕಿ ನೋಡಿದ. ನಾನೂ ತಿಕ್ಕಿದೆ.

ನಾಳೆ ಹದಿನೇಳು.
ಕೀಲಿ ಅವನ ಕೈಗಿಟ್ಟೆ.