ಅಂಕೆಯಲ್ಲಿ, ಅಕ್ಷರದಲ್ಲಿ

ಕೊಣಾಜೆಯ ಗುಡ್ಡದಲ್ಲಿ ಮೊದಲು ಬಂದದ್ದು ಮೇಜು,
ಆಮೇಲೆ ಕಿಟಕಿ; ಹೆಸರು ಎಷ್ಟೋ ವರ್ಷದ ಮೇಲೆ.
ಗುಜರಿಗೆ ಹೋಗಬೇಕಿದ್ದ ಮೇಜು, ಒಂದು ಕಾಲು ಗಿಡ್ಡ.
ಅದರಡಿಗೆ ಮಡಚಿಟ್ಟ ಪಠ್ಯಕ್ರಮ
ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು,
ಮೇಜು ಮಾತ್ರ ಎಲ್ಲದರಲ್ಲೂ ಪಾಸು.

ಫೆಲ್ಸಿ ಕುಟಿನ್ಹಾ ಅದನ್ನು ಗೇರುಮರದ ಬುಡಕ್ಕೆ ಎಳೆದು ತಂದದ್ದು
ಸುಳ್ಯ ಕಡೆಯ ಹುಡುಗಿಯೊಬ್ಬಳು
ನಾಲ್ಕು ಕೌಂಟರಿನಲ್ಲಿ ನಾಳೆ ಬನ್ನಿ ಅನ್ನಿಸಿಕೊಂಡು
ಐದನೆಯದಕ್ಕೆ ಹೋಗದೆ ಬಸ್ಸು ಹತ್ತಿದ ದಿನ.
"ನಾಳೆ ಬಾ ಅಂತ ಬಾಗಿಲಿಗೆ ಬರೆಯುವುದು ದೆವ್ವಕ್ಕೆ ಮಾರಾಯ್ರೆ,
ಅರ್ಜಿ ಹಿಡಿದು ಬಂದವರಿಗಲ್ಲ" ಅಂದಳಂತೆ.
ಅಂತೆ. ನಾನು ಸೇರುವಾಗ ಅವಳು ಆಗಲೇ ಕಥೆ.

ನಾನು ಸೇರಿದ್ದು ಏಳನೆಯ ವರ್ಷ.
ಸಂಬಳ ಇಲ್ಲ. ದಿನಕ್ಕೊಂದು ಚಹಾ,
ಅದೂ ಐತಪ್ಪಣ್ಣನ ಕ್ಯಾಂಟೀನಿನ ಧರ್ಮ.
ನಿಯಮ ಎರಡೇ:
ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು.
ಅಂದ ಮೇಲೆ ಎದ್ದು,
ಗೊತ್ತಿರುವವರು ಸಿಗುವ ತನಕ ಜೊತೆಗೆ ನಡೆಯಬೇಕು.
ಮುರಕಲ್ಲಿನ ಆ ದಾರಿಗೆ ನನ್ನ ಎರಡು ಜೊತೆ ಚಪ್ಪಲಿ ಹೋಯಿತು.

ಪ್ರಶ್ನೆ ತುಳುವಿನಲ್ಲಿ ಬರಲಿ, ಬ್ಯಾರಿಯಲ್ಲಿ ಬರಲಿ,
ಮಂಜೇಶ್ವರದಾಚೆಯ ಮಲಯಾಳದಲ್ಲಿ ಬರಲಿ,
ದಪ್ಪ ಪುಸ್ತಕದಲ್ಲಿ ಕನ್ನಡವಾಗಿ ಕೂರುತ್ತಿತ್ತು.
ಹಾಸ್ಟೆಲಿನ ದುಡ್ಡು ಕಂತಿನಲ್ಲಿ ಕಟ್ಟಬಹುದಾ?
ಮುಡಿಪಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ?
ಅಪ್ಪನ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು ಬರೆದರೆ ಆಗುತ್ತದಾ?
ಈ ಮೂರನೆಯದಕ್ಕೆ ಐದು ಕೋಣೆ, ಹನ್ನೊಂದು ದಿನ.
ಉತ್ತರ: ಆಗುತ್ತದೆ.
ಬರೆದವರು ಯಾರೋ, ಅಡಿಗೆ ಎರಡು ಸಲ ಗೆರೆ ಎಳೆದಿದ್ದಾರೆ.

ಉಮ್ಮರಬ್ಬ ಬಂದದ್ದು ಜೂನಿನ ಒಂದು ಮಧ್ಯಾಹ್ನ,
ಉಳ್ಳಾಲದಿಂದ, ಅಂಗಿಗೆ ಮೀನೆಣ್ಣೆಯ ವಾಸನೆ.
ಅರ್ಜಿ ಕೊಡಲು ಕೊನೆಯ ದಿನ ಯಾವಾಗ?
ಚೀಟಿಯಲ್ಲಿ ೨೧ ಎಂದು ಬರೆದೆ.
ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ೧೨ ಇತ್ತು.
ನಿದ್ದೆಗೆಟ್ಟಿರಲಿಲ್ಲ, ಅವಸರವೂ ಇರಲಿಲ್ಲ.
ಒಂದು ನೆಪಕ್ಕಾಗಿ ಇಪ್ಪತ್ತೇಳು ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ಹತ್ತೊಂಬತ್ತಕ್ಕೇ ಬಂದ, ಎರಡು ದಿನ ಮುಂಚೆ ಎಂಬ ಖುಷಿಯಲ್ಲಿ.
ನಾನು ಜೊತೆಗೆ ನಡೆದೆ. ಐದು ಕೋಣೆ. ಆರನೆಯದು.
ಎಲ್ಲೂ ಅವನು ಚೀಟಿ ತೋರಿಸಲಿಲ್ಲ.
ಮಡಚಿ ಜೇಬಿನಲ್ಲೇ ಇಟ್ಟುಕೊಂಡು
ವಾಪಸು ಹೋಗಿ ಇನ್ನೊಂದು ವರ್ಷ
ಮೀನೆಣ್ಣೆಯ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದ.

ಮರುವರ್ಷ ಸೇರಿದ. ಮೊದಲ ವಾರವೇ
ಮೇಜಿನ ಈಚೆಗೆ ಬಂದು ನನ್ನ ಪಕ್ಕ ಕೂತ.
ಏನೂ ಹೇಳಲಿಲ್ಲ. ಪುಸ್ತಕ ಎಳೆದುಕೊಂಡು
ಹೊಸ ಪುಟಕ್ಕೆ ಸ್ಕೇಲಿಟ್ಟು ಗೆರೆ ಹೊಡೆದ,
ತಾರೀಕಿನ ಜಾಗವನ್ನು ಅಗಲ ಮಾಡಿ
ಬ್ಯಾಂಕಿನ ಚಲನಿನ ಹಾಗೆ ಎರಡು ಭಾಗ ಮಾಡಿದ:
ಅಂಕೆಯಲ್ಲಿ. ಅಕ್ಷರದಲ್ಲಿ.
ಪೆನ್ನು ನನ್ನ ಕಡೆ ತಳ್ಳಿದ.

ಮೊನ್ನೆ ಹೋಗಿದ್ದೆ,
ಕಳೆದುಹೋದ ಪದವಿಪತ್ರದ ನಕಲು ಬೇಕಿತ್ತು.
ಗೇರುಮರ ಇಲ್ಲ, ಮೇಜೂ ಇಲ್ಲ. ಕಿಟಕಿ ಉಂಟು.
ಒಳಗೆ ಹರ್ಷಲಾ ಬಂಗೇರ, ಎರಡನೆಯ ವರ್ಷದ ಭೂಗರ್ಭಶಾಸ್ತ್ರ.
"ಗೊತ್ತಿಲ್ಲ ಸರ್" ಅಂದಳು.
ಕುರ್ಚಿ ಸರಿಸಿ ಎದ್ದಳು.
ಮೂರು ಮಹಡಿ ಹತ್ತಿದೆವು, ನನ್ನ ಮಂಡಿಗಾಗಿ
ಅವಳು ಫೋನು ನೋಡುವ ಹಾಗೆ ಮಾಡಿ ಅಲ್ಲಲ್ಲಿ ನಿಂತಳು.
ನಕಲು ಸಿಗುವ ದಿನ ಕೇಳಿ ಚೀಟಿಯಲ್ಲಿ ಬರೆದುಕೊಟ್ಟಳು:
ಇಪ್ಪತ್ತಮೂರು, ಗುರುವಾರ. ಅಕ್ಷರದಲ್ಲಿ.

"ಅಂಕೆ ಬರೆದರೆ ಸಾಕಿತ್ತಲ್ಲ?"
"ಇಲ್ಲಿ ಮೊದಲಿಂದ ಹಾಗೇ. ಯಾಕೆ ಅಂತ ಗೊತ್ತಿಲ್ಲ."

ಗೊತ್ತಿಲ್ಲ ಅಂದ ಮೇಲೆ ನಿಯಮ ಉಂಟಲ್ಲ,
ಗೊತ್ತಿರುವವರು ಸಿಗುವ ತನಕ ನಡೆಯಬೇಕು.
ಅವಳು ನನ್ನ ಪಕ್ಕದಲ್ಲೇ
ಮೆಟ್ಟಿಲು ಇಳಿಯುತ್ತಿದ್ದಳು.