ಏಳನೇ ಡೇರೆ

ಏಳನೆಯದರಲ್ಲಿ ಮರಳು ಸೋರುತ್ತಿದೆ, ಬಾ,
ಎಂದು ಹಮೂದ್ ಫೋನು ಮಾಡಿದ.
ನೀರು ಸೋರುವುದನ್ನು ಕೇಳಿದ್ದೆ;
ಮರಳು ಸೋರುವುದಕ್ಕೆ ಬಿದಿಯಾದವರೆಗೆ ಬರಬೇಕಾಯಿತು.

ರೂವಿಯಿಂದ ಮೂರು ಗಂಟೆ, ತೊಡೆಯ ಮೇಲೆ ಸೂಜಿಡಬ್ಬಿ,
ಅಂಗುಸ್ತಾನ, ಜೇನುಮೇಣದ ಉಂಡೆ, ದಪ್ಪ ದಾರ.
ಕೊನೆಯ ಹಾದಿಗೆ ಅವರದೇ ಜೀಪು,
ಬ್ಯಾಟರಿಯದ್ದು, ಸದ್ದೇ ಇಲ್ಲ,
ಮಲಗಿದ ಮಗುವನ್ನು ಹೊತ್ತವರ ಹಾಗೆ ದಿಬ್ಬ ಇಳಿಯುತ್ತದೆ.
ಮರಳುಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು.
ಇವನ್ನು ನೋಡಲು ಜನ ಜರ್ಮನಿಯಿಂದ ಬರುತ್ತಾರೆ, ಎಂದ ಡ್ರೈವರು.
ನಾನು ಡೇರೆಗಳನ್ನು ನೋಡುತ್ತಿದ್ದೆ.

ಹನ್ನೆರಡು. ಅಕ್ಕಿ ತೊಳೆದ ನೀರಿನ ಬಣ್ಣ.
ಎಲ್ಲವೂ ನನ್ನ ಮೆಷಿನ್ನಿನಿಂದ ಇಳಿದು ಹೋದವೇ;
ಎದ್ದು ನಿಂತದ್ದನ್ನು ಮಾತ್ರ ನೋಡಿರಲಿಲ್ಲ.
ಮಡಚಿ ಟ್ರಕ್ಕಿಗೆ ಹೇರಿದ್ದು ಇಷ್ಟು ಎತ್ತರವಿತ್ತೆ?

ಇವತ್ತು ಅತಿಥಿಗಳಿಲ್ಲ, ಇಲ್ಲೇ ಮಲಗು, ಎಂದ ಹಮೂದ್,
ಗಾಳಿ ಎದ್ದಾಗ ತಾನಾಗಿ ಗೊತ್ತಾಗುತ್ತದೆ ಎಲ್ಲಿ ಎಂದು.
ಬಾಡಿಗೆ ಎಷ್ಟೆಂದು ಕೇಳಬಾರದಿತ್ತು, ಕೇಳಿದೆ.
ಅವರ ಒಂದು ರಾತ್ರಿ, ನನ್ನ ಒಂದು ತಿಂಗಳು.
ತಿಂಡಿ ಸೇರಿ, ಎಂದ, ಸಮಾಧಾನಕ್ಕೆ.

ಒಳಗೆ ಪ್ಲಾಸ್ಟಿಕ್ಕಿನ ಚೂರಿಲ್ಲ, ಹಲ್ಲುಜ್ಜುವ ಬ್ರಷ್ಷೂ ಬಿದಿರು.
ಸೋಪನ್ನು ಕಾಗದದಲ್ಲಿ ಸುತ್ತಿ ಸೆಣಬಿನ ದಾರ ಕಟ್ಟಿದ್ದಾರೆ
(ಗಂಟು ಸರಿಯಿರಲಿಲ್ಲ, ಬಿಚ್ಚಿ ಮತ್ತೆ ಕಟ್ಟಿದೆ).
ಸ್ನಾನಕ್ಕೆ ತಲೆಯ ಮೇಲೊಂದು ತಾಮ್ರದ ಬಕೆಟ್ಟು, ಸರಪಳಿ,
ಪಕ್ಕದಲ್ಲಿ ಹಲಗೆ:
ಭೂಮಿಗಾಗಿ, ಒಬ್ಬರಿಗೆ ಒಂದೇ ಬಕೆಟ್.
ರೂವಿಯ ಕೋಣೆಯಲ್ಲಿ ನಾವು ಎಂಟು ಜನ.
ಅಲ್ಲಿಯೂ ಇದನ್ನೇ ಇದ್ದಿಲಿನಲ್ಲಿ ಬರೆದಿದ್ದೇವೆ,
ಭೂಮಿಯ ಹೆಸರು ಹೇಳದೆ.

ಸಂಜೆಯ ಬಿಸಿಲು ಅಡ್ಡ ಬಿದ್ದಾಗ ಸಿಕ್ಕಿತು.
ಮಂಚದ ತಲೆಗಡೆ, ಮೊಳದುದ್ದ,
ಹೊಲಿಗೆಯ ಪಕ್ಕದಲ್ಲಿ ಇನ್ನೊಂದು ಸಾಲು ತೂತು,
ಒಂದೊಂದರಲ್ಲೂ ಸೂಜಿಮೊನೆಯಷ್ಟು ಬೆಳಕು.
ಹೊಲಿದು ಬಿಚ್ಚಿದ ಸಾಲು.
ಕ್ಯಾನ್ವಾಸು ರವಿಕೆ ಬಟ್ಟೆಯಲ್ಲ, ಒಮ್ಮೆ ಚುಚ್ಚಿದ್ದು ಕೂಡುವುದಿಲ್ಲ.

ಬಿಚ್ಚಿದವನು ನಾನೇ.
ಹನ್ನೆರಡೂ ಶುಕ್ರವಾರಕ್ಕೆ ಬೇಕಿತ್ತು. ರಾತ್ರಿ ಎರಡು ಗಂಟೆ.
ಆ ಕಡೆಯಿಂದ ಬಟ್ಟೆ ತಳ್ಳುತ್ತಿದ್ದ ಮೊಫಿಜುಲ್
ತೂಕಡಿಕೆಯಲ್ಲಿ ಬೆರಳನ್ನೂ ತಳ್ಳಿದ.
ಕೂಗಲಿಲ್ಲ. ದಾದಾ, ಮೆಷಿನ್ ನಿಲ್ಲಿಸು, ಎಂದ,
ನೀರು ಕೇಳುವ ದನಿಯಲ್ಲಿ.
ಅವನನ್ನು ಆಸ್ಪತ್ರೆಗೆ ಕಳಿಸಿ ನಾನು ಕಲೆಗೆ ಕೂತೆ.
ಉಪ್ಪು, ನಿಂಬೆ, ಸೀಮೆಎಣ್ಣೆ.
ಹೋಗಲಿಲ್ಲ. ಹೊಲಿಗೆ ಬಿಚ್ಚಿ
ಅಂಚನ್ನು ಎರಡು ಬೆರಳು ಒಳಗೆ ಮಡಚಿ
ಕಲೆಯ ಮೇಲೆ ಹೊಲಿದುಬಿಟ್ಟೆ.
ಡೇರೆ ಶುಕ್ರವಾರ ಹೋಯಿತು.
ಮೊಫಿಜುಲ್ ಮುಂದಿನ ತಿಂಗಳು, ಬಾರಿಶಾಲಿಗೆ.
ಅವನ ನಂಬರು ಈಗ ಬೇರೆ ಯಾರದೋ.

ಗಾಳಿ ಎದ್ದದ್ದು ಒಂದರ ಮೇಲೆ.
ಯಾರೋ ಹೊರಗೆ ನಿಂತು ಹಿಟ್ಟು ಜರಡಿ ಹಿಡಿದ ಹಾಗೆ
ದಿಂಬಿನ ಮೇಲೆ ಮರಳು.
ಬಿಸಿಲು ಕುಡಿದು ಉರಿಯುವ ಲಾಂದ್ರ
ಹನ್ನೊಂದಕ್ಕೇ ಕಣ್ಣು ಮುಚ್ಚಿತ್ತು.
ಕತ್ತಲಲ್ಲಿ ಬೆರಳಿಂದ ಓದುತ್ತ
ತೂತು ತೂತಿಗೂ ಮೇಣ ಒತ್ತಿದೆ, ಮೇಲೊಂದು ಪಟ್ಟಿ ಕೈಯಲ್ಲೇ ಹೊಲಿದೆ.
ಮಡಿಕೆಯೊಳಗೆ ಒಂದು ಕಡೆ ಬಟ್ಟೆ ಗಡುಸಾಗಿತ್ತು,
ನಾಣ್ಯದಷ್ಟು ಅಗಲ.
ಕೈ ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಬೆಳಿಗ್ಗೆ ಅತಿಥಿಗಳ ಪುಸ್ತಕ. ಮಲಗಿದವರೆಲ್ಲ ಬರೆಯಬೇಕಂತೆ.
ಏನು ಹಿಡಿಸಿತು? ಗಾಳಿ ಒಳ್ಳೆಯದಿತ್ತು.
ಏನು ಸರಿಯಾಗಬೇಕು? ಆಗಿದೆ.
ಡೇರೆ ಎಷ್ಟನೆಯದು? ಏಳು.
ಎಷ್ಟು ಜನ? ಇಬ್ಬರು.

ಹಮೂದ್ ಓದಿದ. ಏನೂ ಕೇಳಲಿಲ್ಲ.
ನನಗೊಂದು ಬಟ್ಟಲು ಕಹ್ವಾ ಬಗ್ಗಿಸಿ
ಪಕ್ಕಕ್ಕೆ ಇನ್ನೊಂದನ್ನು ಇಟ್ಟು ಅದಕ್ಕೂ ಬಗ್ಗಿಸಿದ.
ಎರಡನ್ನೂ ನಾನೇ ಕುಡಿದೆ.
ಸಾಕು ಎನ್ನಲು ಇಲ್ಲಿ ಬಾಯಿ ಬೇಡ, ಬಟ್ಟಲು ಅಲ್ಲಾಡಿಸಿದರಾಯಿತು.
ನನ್ನದನ್ನು ಅಲ್ಲಾಡಿಸಿದೆ.
ಇನ್ನೊಂದಕ್ಕೆ ಅವನು
ಮತ್ತೆ ಬಗ್ಗಿಸಿದ.