ನಿಮಿಷಗಳಲ್ಲಿ ಬರೆಯಿರಿ

ಆರು ವಾರದ ಬೇಸಿಗೆ ತರಗತಿ ಮುಗಿಯಿತು.
ಕಲಿತದ್ದನ್ನು ಒಂದು ಪುಟದಲ್ಲಿ ಬರೆಯಿರಿ,
ಇಂಗ್ಲಿಷಾದರೆ ಒಳ್ಳೆಯದು, ಎಂದಿದ್ದರು ಶ್ರೀಲೇಖಾ ಟೀಚರ್.
ಆ ಪುಟ ಕೊಟ್ಟಾಗಿದೆ. ಇದು ಅದರ ಹಿಂಬದಿಯದು.

ಮೇ ತಿಂಗಳ ವಿದ್ಯಾನಗರ. ಮುರಕಲ್ಲು ಕಾದು
ಸಭಾಂಗಣದ ಫ್ಯಾನು ಬಿಸಿಗಾಳಿಯನ್ನೇ ಕಡೆಯುತ್ತಿತ್ತು.
ಸಾರ್ವಜನಿಕ ನೀತಿ ಎಂದರೇನು, ಮೊದಲ ದಿನದ ಪ್ರಶ್ನೆ.
ರಾಜಪುರದ ಜೋಬಿನ್ ಎಂದ: ಸರಕಾರ ಮಾಡುವುದು.
ಮೊಗ್ರಾಲಿನ ಸಫ್ರೀನಾ ಎಂದಳು: ಮಾಡದೆ ಬಿಡುವುದೂ.
ಟೀಚರ್ ನಕ್ಕು ಎರಡನ್ನೂ ಬೋರ್ಡಿಗೆ ಹಾಕಿದರು.
ನಾನು ನೋಟುಬುಕ್ಕಿಗೆ ಇಳಿಸಿಕೊಂಡೆ,
ಯಾರ ಮಾತೆಂದು ಬರೆಯಲಿಲ್ಲ.

ಮೂರನೆಯ ವಾರ ಬಾಯಾರುಪದವಿನ ಕಡೆ ಸರ್ವೆ.
ಹನ್ನೆರಡು ಪುಟದ ಫಾರಂ, ಅದೂ ಮಲಯಾಳಂ;
ಸಫ್ರೀನಾ ಓದುವುದು, ನಾನು ಕನ್ನಡಕ್ಕೆ ತರುವುದು,
ಮನೆಯವರು ತುಳುವಿನಲ್ಲಿ ಹೇಳುವುದು,
ಜೋಬಿನ್ ಇಂಗ್ಲಿಷಿನಲ್ಲಿ ಟ್ಯಾಬಿಗೆ ಒತ್ತುವುದು.
ನಾಲ್ಕು ಕೈ ದಾಟಿದ ಉತ್ತರ
ಹಳೇ ಹತ್ತರ ನೋಟಿನ ಹಾಗೆ ಮೆತ್ತಗಾಗಿರುತ್ತಿತ್ತು.

ಗುಣಭೋಕ್ತಾವ್, ಎಂದಳು ಸಫ್ರೀನಾ.
ಫಲಾನುಭವಿ, ಎಂದೆ ನಾನು.
ಬಾಗಿಯಕ್ಕ ಅಂಗಳದಾಚೆಯ ಹಲಸಿನ ಮರ ನೋಡಿದರು:
"ಫಲ ಎಲ್ಲಿದೆ ಮಗಾ ಈ ವರ್ಷ? ಮಿಡಿಯೇ ಉದುರಿತು."
ಜೋಬಿನ್ ಒತ್ತಿದ: ಇಲ್ಲ.

ಪ್ರಶ್ನೆ ಇಪ್ಪತ್ತೇಳು. ಆರೋಗ್ಯ ಕೇಂದ್ರಕ್ಕೆ ಎಷ್ಟು ಹೊತ್ತಿನ ದಾರಿ?
ನಿಮಿಷಗಳಲ್ಲಿ ಬರೆಯಿರಿ.
ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಹುಡಿ,
ಒದ್ದೆ ಎಲೆ ಕತ್ತರಿಸುತ್ತಿದ್ದ ಕೈ ನಿಲ್ಲಲೇ ಇಲ್ಲ.
"ನಿಮಿಷ ಗೊತ್ತುಜ್ಜಿ. ಹೋಗಲು ನಾಲ್ಕು ಕಟ್ಟು, ಬರಲು ನಾಲ್ಕು.
ಬಸ್ಸು ತಪ್ಪಿದರೆ ಇನ್ನೂ ಮೂರು.
ಡಾಕ್ಟರು ಊಟಕ್ಕೆ ಎದ್ದರೆ ಆ ದಿನದ ಲೆಕ್ಕ ಬಿಡು."

ಕಟ್ಟು ಅಂದರೆ? ಕೇಳಿದ ಜೋಬಿನ್.
ಇಪ್ಪತ್ತೈದು ಬೀಡಿ, ಎಂದೆ ಬೇಗ,
ಬೇಕಾದ್ದಕ್ಕಿಂತ ಬೇಗ.
ಸಫ್ರೀನಾ ನನ್ನ ಮುಖ ನೋಡಿದಳು.

ಏಕೆಂದರೆ ಹಿಂದಿನ ವಾರವಷ್ಟೇ ಟೀಚರ್ ಕೇಳಿದ್ದರು:
ಇಂಥ ಮನೆಯಿಂದ ಬಂದವರು ಯಾರಾದರೂ ಇದ್ದೀರಾ?
ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ, ಹಾಕಿದೆ.
ಆರನೇ ಕ್ಲಾಸಿನಿಂದ ಬೀಡಿಯ ತುದಿ ಮಡಚಿದ ಹೆಬ್ಬೆರಳು
ಡೆಸ್ಕಿನ ಅಡಿಯಲ್ಲಿತ್ತು.

ರಾತ್ರಿ ಹಾಸ್ಟೆಲಿನಲ್ಲಿ ಕೋಷ್ಟಕ ಮಾಡಿದೆವು:
ಒಂದು ಕಟ್ಟಿಗೆ ಹದಿನೈದು ನಿಮಿಷ. ಸರಿಯೇ ಇತ್ತು.
ಎಂಟು ಕಟ್ಟಿಗೆ ನೂರಿಪ್ಪತ್ತು. ನಕಾಶೆಯಲ್ಲಿ ಒಂದು ಹಳದಿ ಚುಕ್ಕೆ.
ನಡೆಯುವಾಗ ಬೀಡಿ ಕಟ್ಟಲಾಗುವುದಿಲ್ಲ ಎಂಬುದು,
ನೋಡಿ, ಬೆಳಿಗ್ಗೆಯವರೆಗೂ ನನಗೇ ಹೊಳೆಯಲಿಲ್ಲ.
ಬಾಗಿಯಕ್ಕ ಕೊಟ್ಟದ್ದು ದಾರಿ ತಿಂದದ್ದರ ಲೆಕ್ಕ.
ಎಂಟು ಕಟ್ಟು ಎಂದರೆ
ಸಂಜೆ ಬ್ರಾಂಚಿನಲ್ಲಿ ಇನ್ನೂರು ಕಡಿಮೆ ಎಣಿಸುವುದು,
ಜ್ವರ ಇವತ್ತೇ ಬರಬೇಕಿತ್ತಾ ಎಂದು ಮಗುವಿಗೆ ಬೈಯುವುದು,
ಬೈದು, ಹಣೆ ಮುಟ್ಟಿ ನೋಡುವುದು.

ಹನ್ನೊಂದನೇ ಪುಟಕ್ಕೆ ಅಡಿಟಿಪ್ಪಣಿ ಬರೆದೆ.
ಟೀಚರ್ ಪೆನ್ಸಿಲಿನಲ್ಲಿ ಕೇಳಿದರು: ಚೆನ್ನಾಗಿದೆ. ಆಧಾರ?
ಎರಡು ದಿನ ಆ ಜಾಗ ಖಾಲಿ ಇಟ್ಟೆ.
ಮೂರನೆಯ ದಿನ ಅಮ್ಮನ ಹೆಸರು ಬರೆದೆ, ಇನಿಷಿಯಲ್ ಸಹಿತ,
ಪಕ್ಕದಲ್ಲಿ ವರ್ಷ, ಪುಸ್ತಕಗಳಿಗೆ ಹಾಕುವ ಹಾಗೆ.
ಅವರು ಅಳಿಸಲಿಲ್ಲ.
ಅದರ ಬಗ್ಗೆ ಮಾತೂ ಆಡಲಿಲ್ಲ.

ಕೊನೆಯ ದಿನ ಕವರಿನಲ್ಲಿ ಎಂಟು ಸಾವಿರ ಗೌರವಧನ.
ಪೈವಳಿಕೆಯಲ್ಲಿ ಬಸ್ಸಿಳಿದು, ಅಮ್ಮನ ಮೊರದ ಅಂಚಿಗೆ ಇಟ್ಟೆ.
ಹುಡಿ ಕೈಯನ್ನು ಸೆರಗಿಗೆ ಒರೆಸಿ, ನೋಟು ಎಣಿಸಿ,
ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಏನೋ ಭಾಗಿಸಿ
"ಮೂವತ್ತು ಸಾವಿರ ಆಯ್ತಲ್ಲ ಮಾರಾಯ್ತಿ!" ಎಂದಳು ಜೋರಾಗಿ.

ಆಚೆಮನೆಯವರು ರೂಪಾಯಿ ಅಂದುಕೊಂಡಿದ್ದಾರೆ.
ತಿದ್ದಲು ಹೋಗಿಲ್ಲ.